ಅತ್ತೆ ಕೇಳಿದ ಜಪಾನಿ ಹಾಡು

ನಮ್ಮ ಯಜಮಾನರಿಗೆ ಒಂದು ಕಾಲದಲ್ಲಿ ಜಪಾನಿ ರಾಕ್ ಹಾಡಿನ ಹುಚ್ಚು ಹಿಡಿದಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಈಗ ಅವರನ್ನು ನೋಡಿದರೆ ಬೆಳಗಿನ ಸುಪ್ರಭಾತ ಬಿಟ್ಟು ಬೇರೇನೂ ಕಿವಿಗೆ ಹಾಕಿಕೊಂಡವರಲ್ಲ ಅನಿಸಬೇಕು. ಆದರೆ ಎಂಬತ್ತರ ದಶಕದ ಕೊನೆಯಲ್ಲಿ, ನಾವು ಮಸ್ಕತ್ತಿನ ವಾದಿ ಅದಾಯ್‌ನಲ್ಲಿದ್ದಾಗ, ಕಾರು ಶೋರೂಮಿನ ಸ್ಪೇರ್ ಪಾರ್ಟ್ಸ್ ವಿಭಾಗದ ಈ ಗಂಭೀರ ಮನುಷ್ಯ ಬಚ್ಚಲಲ್ಲಿ ನಿಂತು ಜಪಾನಿ ಭಾಷೆಯಲ್ಲಿ ಬೊಬ್ಬೆ ಹೊಡೆಯುತ್ತಿದ್ದರು. ಅರ್ಥ ಕೇಳಿದರೆ ಒಂದಕ್ಷರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬ ನಾಚಿಕೆಯೂ ಇರಲಿಲ್ಲ.

ಹುಚ್ಚು ಹಿಡಿಸಿದ್ದು ಶೋರೂಮಿಗೆ ಬಂದ ಒಬ್ಬ ಜಪಾನಿ ಇಂಜಿನಿಯರ್. ಹೊಸ ಗಾಡಿಗಳ ರಿಪೇರಿ ಕಲಿಸಲೆಂದು ಕಂಪನಿ ಕಳಿಸಿದ್ದ ಆತನ ಹೆಂಡತಿ ಮಕ್ಕಳೆಲ್ಲ ಜಪಾನಿನಲ್ಲೇ, ಇಲ್ಲಿ ಒಬ್ಬನೇ. ಪಾಪ ಅನಿಸಿ ಇವರು ಒಂದು ಶುಕ್ರವಾರ ಊಟಕ್ಕೆ ಕರೆತಂದರು. ನಾನು ಬಂಗುಡೆ ಮೀನಿನ ಖಾರದ ಗಸಿ ಮಾಡಿದ್ದೆ. ಆತ ಕಣ್ಣು ಮೂಗಿನಲ್ಲೆಲ್ಲ ನೀರು ಸುರಿಸುತ್ತಾ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡ. ಮುಂದಿನ ಶುಕ್ರವಾರ ಯಾರೂ ಕರೆಯದಿದ್ದರೂ ಬಂದ, ಕೈಯಲ್ಲೊಂದು ಕ್ಯಾಸೆಟ್ಟು ಹಿಡಿದುಕೊಂಡು.

ಅದು ಅವನ ಊರಿನ ಒಂದು ರಾಕ್ ಬ್ಯಾಂಡಿನದು. ಆತ ಹೈಸ್ಕೂಲಿನಲ್ಲಿದ್ದಾಗ ಶುರುವಾದ ಬ್ಯಾಂಡು, ಹಾಡುವವರಿಗೆ ಮದುವೆಯಾಗಿ ಮಕ್ಕಳಾಗಿ ಹೊಟ್ಟೆ ಬಂದರೂ ಇನ್ನೂ ನಿಂತಿಲ್ಲವಂತೆ. ಕ್ಯಾಸೆಟ್ಟಿನಲ್ಲಿದ್ದದ್ದು ಟಿವಿಯಲ್ಲಿ ಬಂದು ಹೆಸರಾದ ಹಾಡುಗಳಲ್ಲ. ಅವು ಊರಿಗೆಲ್ಲ ಸೇರಿದ್ದು, ಇವು ನಮ್ಮವು ಎಂದು ಆತ ಎದೆ ಮುಟ್ಟಿಕೊಂಡು ಹೇಳಿದ. ಅಭಿಮಾನಿಗಳು ತಾವೇ ಆರಿಸಿ ಇಟ್ಟುಕೊಂಡ ಹಾಡುಗಳಂತೆ. ಕಾರ್ಯಕ್ರಮದಲ್ಲಿ ಇವನ್ನು ಹಾಡದಿದ್ದರೆ ಜನ ಕುರ್ಚಿ ಬಿಟ್ಟು ಏಳುವುದಿಲ್ಲ, ಹಾಡುಗಾರ ನಡುವೆ ಬಾಯಿ ಮುಚ್ಚಿದರೂ ಜನವೇ ಹಾಡಿ ಮುಗಿಸುತ್ತಾರೆ. ಯಕ್ಷಗಾನದ ಭಾಗವತರಿಗೆ ನಮ್ಮಲ್ಲಿರುವ ಅಭಿಮಾನಿಗಳ ಹಾಗೆ ಎಂದು ನಾನು ತಿಳಿದುಕೊಂಡೆ.

ಮೊದಲ ಹಾಡು ಕೇಳಿದಾಗ ಅಟ್ಟದಿಂದ ಪಾತ್ರೆಗಳೆಲ್ಲ ಬಿದ್ದವು ಎಂದುಕೊಂಡೆ. ಆಮೇಲಿನದು ಮಗುವನ್ನು ಮಲಗಿಸುವ ಹಾಗೆ ಶುರುವಾಗಿ, ಮಗು ಮಲಗಿತು ಅನ್ನುವಷ್ಟರಲ್ಲಿ ಡ್ರಮ್ಮು ಬಡಿದು ಎಬ್ಬಿಸುತ್ತಿತ್ತು. ಇವರಿಗೆ ತುಂಬ ಹಿಡಿಸಿದ್ದು ಒಂದು ಬಸ್ಸಿನ ಹಾಡು. ಕಡಲ ತೀರದ ಊರಿನಲ್ಲಿ ಒಬ್ಬ ಕೊನೆಯ ಬಸ್ಸಿಗೆ ಕಾಯುತ್ತಾನೆ, ಬಸ್ಸು ಬರುವುದಿಲ್ಲ, ಆದರೂ ಆತ ಕಾಯುತ್ತಾನೆ. ಇಂಜಿನಿಯರ್ ತನ್ನ ಮುರುಕು ಇಂಗ್ಲಿಷಿನಲ್ಲಿ ಇಷ್ಟು ಅರ್ಥ ಹೇಳಿದ್ದೇ ತಡ, ಇವರ ಕಣ್ಣು ಒದ್ದೆ. ಬಸ್ಸು ಬರಲಿಲ್ಲವೆಂದು ಅಳುವುದಾದರೆ ನಮ್ಮೂರ ಸ್ಟ್ಯಾಂಡಿನಲ್ಲಿ ದಿನಾ ಒಂದು ಕೊಡ ಕಣ್ಣೀರು ಬೇಕಾಗುತ್ತದೆ ಎಂದು ನಾನು ಅಡುಗೆಮನೆಯಿಂದಲೇ ಹೇಳಿದೆ. ಇಬ್ಬರೂ ನನ್ನನ್ನು ಅರಸಿಕಳನ್ನು ನೋಡುವ ಹಾಗೆ ನೋಡಿದರು.

ವರ್ಷದ ಕೊನೆಗೆ ಶೋರೂಮಿನವರದ್ದೊಂದು ಔತಣ. ಅಲ್ಲಿ ಇಬ್ಬರೂ ಸೇರಿ ಹಾಡುವುದೆಂದು ತೀರ್ಮಾನವಾಯಿತು. ಇನ್ನು ಕೇಳಬೇಕೆ? ಇವರು ಪಕ್ಕದ ಮನೆಯಿಂದ ಇನ್ನೊಂದು ಟೇಪ್ ರೆಕಾರ್ಡರ್ ತಂದರು. ಒಂದರಲ್ಲಿ ಬ್ಯಾಂಡಿನ ಹಾಡು ಹಾಕಿ, ಅದರ ಜೊತೆ ತಾವೂ ಹಾಡಿ, ಇನ್ನೊಂದರಲ್ಲಿ ಅದನ್ನು ಹಿಡಿದು, ಆಮೇಲೆ ಕೇಳಿ ತಪ್ಪು ತಿದ್ದಿಕೊಳ್ಳುವುದು. ಏಸಿಯ ಶಬ್ದ ಸೇರಬಾರದೆಂದು ಅದನ್ನು ಬಂದ್ ಮಾಡಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಹಾಡುತ್ತಿದ್ದರು. ಹೊರಗೆ ಬರುವಾಗ ಬನಿಯನ್ ಹಿಂಡಿದರೆ ನೀರು ಬರುತ್ತಿತ್ತು. ಮುಖದಲ್ಲಿ ಮಾತ್ರ ದಿಗ್ವಿಜಯ ಮಾಡಿ ಬಂದ ಕಳೆ.

ಇದೇ ಮನುಷ್ಯ ತಾಯಿಗೆ ನಾಲ್ಕು ಮಾತು ಹೇಳಬೇಕಾದರೆ ಬಾಯಿಗೆ ಬೀಗ. ಆಗ ಊರಿಗೆ ಫೋನು ಮಾಡುವುದು ದುಬಾರಿ, ಅತ್ತೆಗೆ ಓದು ಬರುತ್ತಿರಲಿಲ್ಲ. ಹಾಗಾಗಿ ನಾವೆಲ್ಲ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಅಲ್ಲಿಂದಲೂ ಹಾಗೆಯೇ ಉತ್ತರ ಬರುತ್ತಿತ್ತು. ಸುರತ್ಕಲ್ ಹತ್ತಿರ ನನ್ನ ನಾದಿನಿಯ ಮನೆಯಲ್ಲಿದ್ದ ಅತ್ತೆಗೆ ನಾನು ಮಸ್ಕತ್ತಿನ ಮೀನಿನ ರೇಟಿನಿಂದ ಹಿಡಿದು ಪಕ್ಕದ ಮನೆಯ ಸೀಮಂತದವರೆಗೆ ಎಲ್ಲ ಹೇಳುತ್ತಿದ್ದೆ. ಕೊನೆಗೆ ಇವರ ಬಾಯಿಯ ಮುಂದೆ ರೆಕಾರ್ಡರ್ ಹಿಡಿದರೆ ಗಂಟಲು ಸರಿಮಾಡಿಕೊಂಡು, "ಅಮ್ಮ, ನಾನು ಸೌಖ್ಯ," ಎಂದು ಎದ್ದುಬಿಡುತ್ತಿದ್ದರು.

ಅತ್ತೆಗೆ ಆ ಮಾತೇ ಸಂಕಟ. ಅವರ ತಮ್ಮ ಎಷ್ಟೋ ವರ್ಷ ಹಿಂದೆ ಬಹರೈನಿಗೆ ಹೋಗಿ, ಪ್ರತಿ ಕಾಗದದಲ್ಲೂ ಸೌಖ್ಯ ಎಂದು ಬರೆದು, ಒಂದು ದಿನ ಎಲುಬಿನ ಗೂಡಾಗಿ ವಾಪಸು ಬಂದವರು. ಹೆಚ್ಚು ದಿನ ಉಳಿಯಲಿಲ್ಲ. ಮಗನೂ ಗಲ್ಫಿಗೆ ಹೊರಟು, ನಾನು ಬರುವವರೆಗೆ ಎರಡು ವರ್ಷ ಒಂಟಿ ಗಂಡಸರ ರೂಮಿನಲ್ಲಿದ್ದಾಗಿನಿಂದ ಅತ್ತೆಗೆ ನೆಮ್ಮದಿಯ ನಿದ್ದೆ ಇರಲಿಲ್ಲ. ಪ್ರತಿ ಕ್ಯಾಸೆಟ್ಟಿನಲ್ಲೂ ನನಗೆ ಅದೇ ಪ್ರಶ್ನೆ: ಅವನು ನಿಜವಾಗಿ ಹುಷಾರಿದ್ದಾನಾ, ಹೊಟ್ಟೆಗೆ ಸರಿಯಾಗಿ ಹೋಗುತ್ತದಾ, ಏನಾದರೂ ಮುಚ್ಚಿಡುತ್ತಿದ್ದಾನಾ? ನಾನು ಆಣೆ ಹಾಕಿ ಹೇಳಿದರೂ, ಗಂಡನ ಪರ ಹೆಂಡತಿ ಇನ್ನೇನು ಹೇಳುತ್ತಾಳೆ ಎಂದು ತಳ್ಳಿಹಾಕುತ್ತಿದ್ದರು.

ಆ ಸಲ ನಮ್ಮ ಕಟ್ಟಡದ ಕೆಳಗೆ ಬಟ್ಟೆ ಅಂಗಡಿ ಇಟ್ಟಿದ್ದ ಬ್ಯಾರಿಗಳಿಗೆ ಇದ್ದಕ್ಕಿದ್ದಂತೆ ಊರಿಗೆ ಹೋಗಲು ಟಿಕೆಟ್ ಸಿಕ್ಕಿತು. ಸಂಜೆಯ ವಿಮಾನ. ನಾನು ಮಧ್ಯಾಹ್ನದೊಳಗೆ ಇಲ್ಲಿನ ಸುದ್ದಿಯೆಲ್ಲ ತುಂಬಿ ಕ್ಯಾಸೆಟ್ಟು ಮೇಜಿನ ಮೇಲಿಟ್ಟೆ. ಕಟ್ಟುವ ಕೆಲಸ ಯಾವಾಗಲೂ ಇವರದೇ, ನನ್ನ ಕಟ್ಟು ಬೊಂಬಾಯಿ ದಾಟುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಇವರ ಅಭಿಪ್ರಾಯ. ಖರ್ಜೂರದ ಪೊಟ್ಟಣದ ಜೊತೆ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ, ದಾರದಿಂದ ಬಿಗಿದು, ಕೆಳಗೆ ಹೋಗಿ ಕೊಟ್ಟು ಬಂದರು. ಮಾರನೆಯ ದಿನ ಹಾಡಿನ ಅಭ್ಯಾಸಕ್ಕೆ ಕೂತು ಗುಂಡಿ ಒತ್ತಿದರೆ ರೆಕಾರ್ಡರಿನಿಂದ ನನ್ನ ಸ್ವರ: ಅತ್ತೆ, ಇಲ್ಲಿ ಅಂಜಲ್ ಮೀನು ಈ ವಾರ ಸ್ವಲ್ಪ ಇಳಿದಿದೆ. ಊರಿಗೆ ಹೋದದ್ದು ಇವರ ಅಭ್ಯಾಸದ ಕ್ಯಾಸೆಟ್ಟು. ಎರಡೂ ಒಂದೇ ಪೆಟ್ಟಿಗೆಯಿಂದ ತೆಗೆದವು, ಹೆಸರು ಬರೆಯುವ ಅಭ್ಯಾಸ ನಮ್ಮಿಬ್ಬರಿಗೂ ಇರಲಿಲ್ಲ.

ಇವರ ಮುಖ ನೋಡಬೇಕಿತ್ತು. ಗಲ್ಫಿನ ಕ್ಯಾಸೆಟ್ಟು ಬಂತೆಂದರೆ ಅಲ್ಲಿ ಅಕ್ಕಪಕ್ಕದವರೆಲ್ಲ ಜಗಲಿಯಲ್ಲಿ ಕೂತು ಕೇಳುವ ಪದ್ಧತಿ. ಅಷ್ಟು ಜನರ ನಡುವೆ ಜಪಾನಿ ಗಿಟಾರು, ಅದರ ಮೇಲೆ ಇವರ ಬೊಬ್ಬೆ! ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಮಗ ಸೌಖ್ಯ ಹೌದೋ ಅಲ್ಲವೋ ಎಂಬ ಸಂಶಯ ಅತ್ತೆಗೆ ಇನ್ನಿರುವುದಿಲ್ಲ, ತಲೆ ಕೆಟ್ಟಿದೆ ಎಂದು ಗಟ್ಟಿಯಾಗುತ್ತದೆ ಎಂದೆ. ಇವರು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಔತಣದಲ್ಲಿ ಇಬ್ಬರೂ ಕೋಟು ಹಾಕಿಕೊಂಡು ಬಸ್ಸಿನ ಹಾಡು ಹಾಡಿದರು, ಚಪ್ಪಾಳೆಯೂ ಬಿತ್ತು. ಆದರೂ ಇವರಿಗೆ ಅರ್ಧ ಜೀವ ಊರಲ್ಲೇ. ತಾಯಿ ಅದನ್ನು ಕೇಳಿ ಇನ್ನಷ್ಟು ಹೆದರಿಬಿಟ್ಟರೆ ಎಂಬ ಚಿಂತೆ, ನಿಜ ಹೇಳಬೇಕೆಂದರೆ, ಬರಬರುತ್ತ ನನಗೂ ಹತ್ತಿಕೊಂಡಿತು.

ಒಂದು ಶುಕ್ರವಾರ ಊಟ ಮುಗಿದ ಹೊತ್ತಿಗೆ ಬ್ಯಾರಿಗಳು ಬಂದು, ಹಪ್ಪಳದ ಕಟ್ಟು, ಉಪ್ಪಿನಕಾಯಿ ಮತ್ತು ಒಂದು ಕ್ಯಾಸೆಟ್ಟು ಕೊಟ್ಟರು. ಇವರನ್ನು ಕೆಳಗಿಂದ ಮೇಲಿನವರೆಗೆ ನೋಡಿ, ನಗುತ್ತಾ ಇಳಿದು ಹೋದರು. ನಾವಿಬ್ಬರೂ ನೆಲದ ಮೇಲೆ ಕೂತು ಕ್ಯಾಸೆಟ್ಟು ಹಾಕಿದೆವು. ನಮ್ಮ ಮನೆಮಾತು ತುಳು, ಅತ್ತೆಯ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಗಾ, ನಿನ್ನ ಪದ್ಯ ಕೇಳಿದೆ. ಅದು ಎಂತ ಭಾಷೆ ಅಂತ ಇಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ಅರಬಿ ಭಜನೆ ಅಂತ ನಿನ್ನ ಭಾವ ಹೇಳಿದ. ಎಂತದೇ ಆಗ್ಲಿ. ಸೌಖ್ಯ ಅಂತ ಬಾಯಲ್ಲಿ ಹೇಳ್ಲಿಕ್ಕೆ ಯಾರಿಗೂ ಆಗ್ತದೆ, ನಿನ್ನ ಮಾವನೂ ಹೇಳ್ತಿದ್ದ. ಆದ್ರೆ ಸೌಖ್ಯ ಇಲ್ಲದವನಿಗೆ ಇಷ್ಟು ದೊಡ್ಡ ಬೊಬ್ಬೆ ಹೊಡೀಲಿಕ್ಕೆ ಆಗುದಿಲ್ಲ. ಈಗ ನಂಗೆ ನಂಬಿಕೆ ಬಂತು. ಮೊನ್ನೆಯಿಂದ ನಿದ್ದೆ ಬರ್ತಾ ಉಂಟು."

ಆಮೇಲೆ ಹಾಡುಗಳ ವಿಮರ್ಶೆ. ಮೊದಲಿನದು ಬೇಡ, ಬರೀ ಪಾತ್ರೆ ಶಬ್ದ. ನಡುವೆ ಮೆಲ್ಲ ಶುರುವಾಗಿ ಆಮೇಲೆ ಮಗ ಗಂಟಲು ಹರಿಯುವ ಹಾಗೆ ಎಳೆಯುವ ಪದ್ಯ ಒಂದು ಉಂಟಲ್ಲ, ದಿನಾ ಕೇಳುವುದು ಅದನ್ನೇ. ಅದು ಬಸ್ಸಿನ ಹಾಡು. ಕ್ಯಾಸೆಟ್ಟು ವಾಪಸು ಕೊಡುವುದಿಲ್ಲ, ಬೇರೆ ಹಾಡಿದ್ದರೆ ಕಳಿಸು ಎಂದೂ ಅಪ್ಪಣೆಯಾಯಿತು. ನಾನು ಹೇಳಿದ ಮೀನಿನ ರೇಟನ್ನು ಕೇಳದೆ ಹೋದದ್ದಕ್ಕೆ ಒಂದು ಮಾತಿನ ಬೇಸರವೂ ಇರಲಿಲ್ಲ.

ನಾನು ನಗುತ್ತಲೇ ಹೊಸ ಕ್ಯಾಸೆಟ್ಟು ಹಾಕಿ ಇವರ ಮುಂದಿಟ್ಟೆ. ಹಾಡುತ್ತಾರೆ ಎಂದುಕೊಂಡಿದ್ದೆ. ಇವರು ಎದ್ದು ಏಸಿ ಬಂದ್ ಮಾಡಿ ಬಂದು ಕೂತರು. ರೆಕಾರ್ಡರನ್ನು ಹತ್ತಿರ ಎಳೆದುಕೊಂಡು ಗುಂಡಿ ಒತ್ತಿದರು.

"ಅಮ್ಮ, ಮೊದಲ ಎರಡು ವರ್ಷ ನಾನು ಸೌಖ್ಯ ಇರ್ಲಿಲ್ಲ. ರೂಮಿನವರಿಗೆ ಕೇಳಬಾರದು ಅಂತ ನಲ್ಲಿ ಬಿಟ್ಟು ಬಚ್ಚಲಲ್ಲಿ ಅಳ್ತಿದ್ದೆ. ಊಟವೂ ಸೇರ್ತಿರ್ಲಿಲ್ಲ. ನಿನಗೆ ಅನಿಸಿದ್ದು ಸರಿಯೇ. ಈಗ ಹಾಗಿಲ್ಲ. ಈಗ ನಿಜವಾಗಿ ಸೌಖ್ಯ."

ಗುಂಡಿ ಒತ್ತಿ ನಿಲ್ಲಿಸಿ, ನನ್ನ ಕಡೆ ನೋಡದೆ ಎದ್ದು ಹೋದರು. ಆ ಎರಡು ವರ್ಷ ಊರಲ್ಲಿದ್ದ ನನಗೂ ಪ್ರತಿ ವಾರ ಇವರ ಕಾಗದ ಬರುತ್ತಿತ್ತು, ಪ್ರತಿಯೊಂದರಲ್ಲೂ ಸೌಖ್ಯ ಎಂದೇ ಇರುತ್ತಿತ್ತು. ನಾನು ನಂಬಿದ್ದೆ.