ಇನ್‌ಸ್ಪೆಕ್ಷನ್ ದಿನ ಬಂದ ವಸಂತಿ

ಮೇಷ್ಟ್ರ ಕೈಯಲ್ಲಿ ಬೆತ್ತ ಕಾಣದಿದ್ದರೆ ಹೆತ್ತವರೇ ಬೇಸರಪಡುತ್ತಿದ್ದ ಕಾಲ ಅದು. ಮದರಾಸಿನ ತ್ರಿಪ್ಲಿಕೇನಿನ ಸಂದಿಯೊಂದರಲ್ಲಿ, ಹಳೆಯ ಮನೆಯ ಮಹಡಿಯ ಮೇಲೆ ನಮ್ಮ ಕನ್ನಡ ಶಾಲೆ. ಕೆಳಗಿನ ಅಂಗಡಿಯಿಂದ ಕಾಫಿಬೀಜ ಹುರಿಯುವ ವಾಸನೆ ಬರುತ್ತಿತ್ತು. ಬಿಡುವಿನಲ್ಲಿ ಖಾರ ಹಚ್ಚಿದ ಮಾವಿನಕಾಯಿ ಹೋಳು ಚಪ್ಪರಿಸುತ್ತಾ ಕುಂಟೆಬಿಲ್ಲೆ ಆಡುತ್ತಿದ್ದೆವು. ವಸಂತಿಯನ್ನು ಮಾತ್ರ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ.

ನನ್ನದೇ ತರಗತಿಯ ವಸಂತಿ ಕಚ್ಚುತ್ತಿದ್ದಳು. ಸ್ಲೇಟು ಕಸಿದು ಎಸೆಯುತ್ತಿದ್ದಳು. ತಾಯಿ ಇರಲಿಲ್ಲ. ತಂದೆ ಸೀನಣ್ಣ ಹೋಟೆಲಿನಲ್ಲಿ ದೋಸೆಹಿಟ್ಟು ರುಬ್ಬುವವರು. ನಸುಕಿಗೆ ಹೊರಟರೆ ದೀಪ ಹಚ್ಚಿದ ಮೇಲೆಯೇ ಮನೆಗೆ. ಬೀದಿಯ ಮಕ್ಕಳು ಅವಳನ್ನು ತಮಿಳಿನಲ್ಲಿ ನಾಯಿಮರಿ ಎಂದು ಕೂಗುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ‘ದಂಡಂ ದಶಗುಣಂ’ ಎಂದು ನಂಬಿದವರು. ಆ ಹತ್ತರಲ್ಲಿ ಒಂದು ಗುಣವೂ ಅವಳಿಗೆ ಹತ್ತಲಿಲ್ಲ.

ಆ ವರ್ಷ ಕಮಲಾ ಟೀಚರ್ ಬಂದರು. ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವರ ಮನೆಯವರು, ಮಾತಿನ ನಡುವೆ ತಮಿಳು ಬೆರೆಯುತ್ತಿತ್ತು. ವಸಂತಿ ಅವರ ಕೈಯನ್ನೂ ಕಚ್ಚಿದಳು. ಟೀಚರ್ ಹೊಡೆಯಲಿಲ್ಲ.

“ಪಾವಂ, ಹೆದರಿದೆ ಇದು” ಎಂದು ಸೆರಗಿನ ತುದಿಯನ್ನು ಅವಳ ಮುಷ್ಟಿಗೆ ಕೊಟ್ಟರು. “ಕೋಪ ಬಂದ್ರೆ ಇದನ್ನ ಎಳೀಮ್ಮಾ. ನಾನು ತಿರುಗಿ ನೋಡ್ತೀನಿ.”

ಅವಳು ಎಳೆದಾಗಲೆಲ್ಲ ಟೀಚರ್ ಪಾಠ ನಿಲ್ಲಿಸಿ ತಿರುಗುತ್ತಿದ್ದರು. ಒಮ್ಮೆಯೂ ತಪ್ಪಿಸಲಿಲ್ಲ. ದೀಪಾವಳಿಯ ಹೊತ್ತಿಗೆ ಕಚ್ಚುವುದು ನಿಂತೇಹೋಯಿತು. ನಾವೂ ಅವಳನ್ನು ಕುಂಟೆಬಿಲ್ಲೆಗೆ ಕರೆದೆವು. ಆಡಲು ಬರುತ್ತಿರಲಿಲ್ಲ, ಗೆರೆ ತುಳಿದು ಬಿದ್ದು ನಗುತ್ತಿದ್ದಳು. ಅವಳಿಗೂ ನಗು ಬರುತ್ತದೆಂದು ನಮಗೆ ಗೊತ್ತಾದದ್ದೇ ಆಗ.

ಅಷ್ಟರಲ್ಲಿ ಇನ್‌ಸ್ಪೆಕ್ಷನ್ ಬಂತು. ನಮ್ಮ ಶಾಲೆಯಲ್ಲೊಂದು ಪದ್ಧತಿಯಿತ್ತು: ಇನ್‌ಸ್ಪೆಕ್ಟರು ಬರುವ ದಿನ ದಡ್ಡರೂ ತಂಟೆಕೋರರೂ ಮನೆಯಲ್ಲಿರಬೇಕು. ವಸಂತಿಗೂ ಬರಬೇಡವೆಂದು ಹೇಳಿದ್ದರು. ಆದರೆ ಟೀಚರನ್ನು ಬಿಟ್ಟು ಅವಳಾದರೂ ಎಲ್ಲಿಗೆ ಹೋದಾಳು? ತಲೆಗೆ ತಾನೇ ಎಣ್ಣೆ ಸುರಿದುಕೊಂಡು, ವಾರೆ ಬೈತಲೆ ತೆಗೆದುಕೊಂಡು ಬಂದೇಬಿಟ್ಟಳು.

“ಸಾರ್, ನನ್ನ ಸೆರಗು ಹಿಡ್ಕೊಂಡ್ರೆ ಸುಮ್ನೆ ಇರ್ತಾಳೆ” ಎಂದರು ಟೀಚರ್.

“ಇನ್‌ಸ್ಪೆಕ್ಟರ್ ಮುಂದೆ ಮಗೂನ ಸೆರಗಿಗೆ ಕಟ್ಕೊಂಡು ಪಾಠ ಮಾಡ್ತೀರೇನಮ್ಮಾ? ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ, ನೆನಪಿರ್ಲಿ” ಎಂದರು ಹೆಡ್‌ಮಾಸ್ಟರು.

ಮುರಿದ ಬೆಂಚುಗಳ ಕತ್ತಲೆ ಕೋಣೆಗೆ ಅವಳನ್ನು ತಳ್ಳಿ ಚಿಲಕ ಹಾಕಿದರು. ಇನ್‌ಸ್ಪೆಕ್ಟರ ಮುಂದೆ ಟೀಚರ್ ಮಗ್ಗಿ ಹೇಳಿಸುತ್ತಿದ್ದಾಗ ಗೋಡೆಯಾಚೆಯಿಂದ “ಟೀಚರ್! ಟೀಚರ್!” ಎಂಬ ಚೀರಾಟ ಕೇಳಿತು.

“ಏನ್ರೀ ಅದು?”

“ಪಕ್ಕದ ಮನೆ ಮಗು ಸಾರ್, ಹಟಮಾರಿ” ಎಂದರು ಹೆಡ್‌ಮಾಸ್ಟರು.

ಟೀಚರ ಕೈಯ ಸೀಮೆಸುಣ್ಣ ನಿಂತಿತು. ಆದರೆ ಅವರು ತಿರುಗಲಿಲ್ಲ. ಮಗ್ಗಿ ಮುಗಿಯುವ ಮೊದಲೇ ಚೀರಾಟ ನಿಂತಿತು. ಇನ್‌ಸ್ಪೆಕ್ಟರು ಭೇಷ್ ಎಂದು ಹೊರಟರು.

ಬಾಗಿಲು ತೆಗೆದಾಗ ವಸಂತಿ ತನ್ನ ಮುಂಗೈಯನ್ನೇ ಕಚ್ಚಿಕೊಂಡಿದ್ದಳು. ಲಂಗದ ಮೇಲೆಲ್ಲ ರಕ್ತ. ಟೀಚರ್ ಅಳುತ್ತಾ ಸೆರಗು ಚಾಚಿದರು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಆಮೇಲೆ ಮತ್ತೆ ಎಲ್ಲರನ್ನೂ ಕಚ್ಚತೊಡಗಿದಳು.

ಕೊನೆಗೆ ಸೀನಣ್ಣ ಬಂದರು. “ಸಾಕು ಟೀಚರೇ. ಊರಿಗೆ ಬಿಟ್ಟು ಬರ್ತೇನೆ. ಇಲ್ಲಿ ಇದನ್ನು ನೋಡುವವರು ಯಾರುಂಟು?” ವಸಂತಿಯನ್ನು ನಾವು ಮತ್ತೆ ನೋಡಲೇ ಇಲ್ಲ.

ಈಗ ನನ್ನ ಮೊಮ್ಮಗಳ ಶಾಲೆಯಲ್ಲಿ ಇಂಥ ಮಕ್ಕಳಿಗೆಂದೇ ಬೇರೆ ಕೋಣೆ, ಬೇರೆ ಟೀಚರು. ಉಳಿದವರಿಗೂ ತರಬೇತಿ ಕೊಡುತ್ತಾರಂತೆ. ಒಳ್ಳೆಯದೇ ಆಯಿತು. ಆದರೆ ಯಾರೂ ಹೇಳಿಕೊಡದೆ ಆ ದಾರಿಯನ್ನು ತಾವೇ ಕಂಡುಕೊಂಡಿದ್ದ ನಮ್ಮ ಟೀಚರ್ ಹಾಗೆ ಉಳಿಯಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಹೋಗಿಲ್ಲ. ವಸಂತಿ ಹೋದ ಮರುವರ್ಷ ಸ್ಲೇಟು ಎಸೆಯುವ ಪುಟ್ಟ ಹುಡುಗನೊಬ್ಬ ಸೇರಿದ. “ನಿಮ್ಮ ಹತ್ರಾನೇ ಕೂರಿಸ್ಕೊಳ್ಳಿ ಕಮಲಾ, ನಿಮಗೆ ಗೊತ್ತಲ್ಲ” ಎಂದರು ಇನ್ನೊಬ್ಬ ಟೀಚರ್.

ಕಮಲಾ ಟೀಚರ್ ಮೇಜಿನ ಮೇಲಿದ್ದ ಬೆತ್ತ ತೆಗೆದುಕೊಂಡರು.

“ಬೇಡ. ಮಗು ನನ್ನನ್ನ ನಂಬಿಬಿಟ್ರೆ?”