ಅಂಗೈಯ ಲಿಂಗ

ನಮ್ಮ ಅತ್ತೆ ನಿರ್ಮಲಮ್ಮನವರಿಗೆ ಎರಡು ಹಟ. ಒಂದು, ಕೊರಳಿನ ಲಿಂಗಕ್ಕೆ ಪೂಜೆ ಮಾಡದೆ ತೊಟ್ಟು ನೀರನ್ನೂ ಕುಡಿಯುವುದಿಲ್ಲ. ಇನ್ನೊಂದು, ಎಲ್ಲಿಗೆ ಹೋದರೂ ಅಲ್ಲಿಯವರು ಮಾಡುವುದನ್ನೆಲ್ಲ ತಾವೂ ಮಾಡಬೇಕು. ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯಲ್ಲಿ ಇವೆರಡನ್ನೂ ಸಂಭಾಳಿಸಿಕೊಂಡು ಹನ್ನೊಂದು ವರ್ಷ ಬಾಳಿದ್ದೇನೆ. ಮುಂಡಗೋಡಿನ ಟಿಬೆಟಿಯನ್ನರ ಬೌದ್ಧ ದೇವಾಲಯ ನೋಡಲು ಹೋದಾಗ ಮಾತ್ರ ಎರಡೂ ಒಟ್ಟಿಗೆ ನನ್ನ ಕುತ್ತಿಗೆಗೆ ಬಂದವು.

ಹರಿಹರದ ಸೇತುವೆ ದಾಟುವಾಗ ಕಾರು ಓಡಿಸುತ್ತಿದ್ದ ನನ್ನ ಗಂಡ ಶಿವಕುಮಾರ್, "ತಿಂಡಿಗೆ ನಿಲ್ಲಿಸ್ಲೇನವ್ವಾ?" ಎಂದರು.

"ಅಲ್ಲೇ ಹೋಗಿ ಪೂಜಿ ಮಾಡ್ಕೊಂಡು ತಿಂತೀನಿ, ನಡಿ."

ದೇವಾಲಯದ ಒಳಗೆ ಬಂಗಾರ ಬಣ್ಣದ ಎತ್ತರದ ಬುದ್ಧ. ಸನ್ಯಾಸಿಗಳು ನೆಲಕ್ಕೆ ಮೈಚಾಚಿ ನಮಸ್ಕರಿಸುತ್ತಿದ್ದರು. ಅತ್ತೆ ಸುಮ್ಮನಿರುತ್ತಾರೆಯೇ? "ಇವ್ರೂ ದೊಡ್ಡೋರು, ಅಡ್ಡ ಬಿದ್ರೆ ತಪ್ಪೇನೈತೆ?" ಎಂದು ಅರವತ್ತೆಂಟರ ಮೈಯನ್ನು ಮೂರು ಸಲ ಚಾಚಿ ಎದ್ದರು.

ಹೊರಗೆ ಜಗಲಿಯಲ್ಲಿ ಕೂತು ರೊಟ್ಟಿಯ ಬುತ್ತಿ ಬಿಚ್ಚಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚಿನ ಇನ್ಸುಲಿನ್ ಚುಚ್ಚಿದವಳೂ ನಾನೇ. ಆಮೇಲೆ ಅವರು ಪೂಜೆಗೆಂದು ಕೊರಳಿಗೆ ಕೈ ಹಾಕಿದರು. ಹರಿದ ಶಿವದಾರ ಕೈಗೆ ಬಂತು. ಲಿಂಗವಿರಲಿಲ್ಲ.

ಶಿವಕುಮಾರ್ ಹುಡುಕಲು ಒಳಗೆ ಓಡಿದರು. ಕಾಲು ಗಂಟೆ ಕಳೆಯಿತು. ಅತ್ತೆ ಬೆವರತೊಡಗಿದರು, ಬೆರಳು ನಡುಗಿದವು. ಮದ್ದು ಒಳಗೆ ಹೋಗಿದೆ, ಅನ್ನ ಹೋಗಿಲ್ಲ; ರಕ್ತದಲ್ಲಿ ಸಕ್ಕರೆ ಇಳಿಯುತ್ತಿದೆ.

"ಒಂದು ಚಮಚ ಸಕ್ಕರಿ ಹಾಕ್ಕೊಳ್ರಿ ಅತ್ತೆ, ಕೈ ಮುಗಿತೀನಿ."

"ಬ್ಯಾಡ. ಲಿಂಗ ಇಲ್ದೆ ನೀರೂ ಬ್ಯಾಡ."

ತುಟಿ ಬಿಗಿದು ಕೂತರು. ನನಗೆ ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ಭಯ. ಅವರ ಮಾತು ತೊದಲಿದಾಗ ನಾನು ಇನ್ನು ಕಾಯಲಿಲ್ಲ.

ನನ್ನ ಲಿಂಗ ಕೊರಳಲ್ಲಿರುವುದಕ್ಕಿಂತ ವ್ಯಾನಿಟಿ ಬ್ಯಾಗಿನಲ್ಲಿರುವುದೇ ಹೆಚ್ಚು. ಬ್ಯಾಗು ಹಿಡಿದು ಒಳಗೋಡಿದೆ. ಕಂಬದ ಮರೆಯಲ್ಲಿ ಅದನ್ನು ಸುತ್ತಿದ್ದ ಬಟ್ಟೆ ಬಿಚ್ಚಿ, ಲಿಂಗವನ್ನಷ್ಟೇ ಹಿಡಿದು ಬಂದೆ.

"ಸಿಕ್ತು ನೋಡ್ರಿ!"

ಅತ್ತೆ ಅದನ್ನು ಎಡಗೈಯಲ್ಲಿಟ್ಟುಕೊಂಡು ದಿಟ್ಟಿಸಿದರು. ಲಿಂಗ ಲಿಂಗಕ್ಕೂ ನನಗೆ ವ್ಯತ್ಯಾಸ ತಿಳಿಯದು. ಐವತ್ತು ವರ್ಷ ಪೂಜಿಸಿದ ಕೈಗೆ ತಿಳಿಯದೇ? ಅವರು ವಿಭೂತಿ ಹಚ್ಚಿ ಕಣ್ಣು ಮುಚ್ಚಿದರು. ಆಮೇಲೆ ಬಾಯಿ ತೆರೆದರು. ಸಕ್ಕರೆ ಹಾಕಿದೆ.

ರೊಟ್ಟಿ ಅರ್ಧ ಮುಗಿದು ಅವರ ನಡುಕ ನಿಂತಿತ್ತು. ಅಷ್ಟರಲ್ಲಿ ಶಿವಕುಮಾರ್ ಜೊತೆ ಒಬ್ಬ ಸನ್ಯಾಸಿ ಬಂದರು. ಅವರ ಬೊಗಸೆಯಲ್ಲಿ ಅತ್ತೆಯ ಲಿಂಗವಿದ್ದ ಬಿಳಿ ಬಟ್ಟೆಯ ಗಂಟು.

"ಅಮ್ಮಾ, ಚಾಪೆ ಕೆಳಗಿತ್ತು. ನಿಮ್ಮದಾ?" ಎಂದು ಅಚ್ಚ ಕನ್ನಡದಲ್ಲೇ ಕೇಳಿದರು.

ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ಅತ್ತೆ ಸನ್ಯಾಸಿಗೆ ಕೈ ಮುಗಿದು ಗಂಟು ತೆಗೆದುಕೊಂಡರು. ಅಂಗೈಯಲ್ಲಿದ್ದ ಲಿಂಗವನ್ನು ಒರೆಸಿ ನನ್ನ ಕೈಗಿಟ್ಟರು.

"ನಿಂದಿದು, ರೂಪಶ್ರೀ. ಮುಟ್ಟಿದ ಕೂಡ್ಲೆ ಗೊತ್ತಾತು."

"ಗೊತ್ತಿದ್ದೂ ಯಾಕ ತಿಂದ್ರಿ?"

"ಮತ್ತೇನು ಮಾಡ್ಲಿ? ನಾ ಸತ್ರೆ, 'ಸೂಜಿ ಚುಚ್ಚಿದಾಕಿ ನಾನೇ' ಅಂತ ಸಾಯೋತನಕ ಅಳ್ತಿದ್ದೆಲ್ಲ ನೀನು."