ಚಿಲಕವಿದ್ದ ಸರ್ಫ್‌ಬೋರ್ಡ್

ನಮ್ಮೂರು ಜೇವರ್ಗಿಯ ಬಡಗಿ ಕಡಲು ಕಂಡವರಲ್ಲ. ಬಾಗಿಲು, ಬೆಂಚು ಏನೇ ಮಾಡಿದರೂ ಅಂಗೈಯಿಂದೊಮ್ಮೆ ತಳ್ಳಿ, "ನೂಕಿದ್ರ ನಿಂದರಬೇಕ್ರಿ" ಎನ್ನುತ್ತಿದ್ದರು. ಅಲೆಯ ಮೇಲೆ ನಿಂತು ಜಾರುವ ಸರ್ಫ್‌ಬೋರ್ಡ್ ಬೇಕೆಂದು ನಾನು ಕೇಳಿದಾಗ, ಎರಡು ತಿಂಗಳು ಉಜ್ಜಿ ಸಾಗವಾನಿಯಲ್ಲಿ ಮಾಡಿಕೊಟ್ಟರು. ತುದಿಯಲ್ಲಿ ಹಿತ್ತಾಳೆಯ ಚಿಲಕವಿತ್ತು.

ಮಲ್ಪೆಯ ಕಡಲಲ್ಲಿ ಅದನ್ನು ಕಂಡ ಗೆಳೆಯರಲ್ಲಿ ಒಬ್ಬ ಬಿದ್ದು ಬಿದ್ದು ನಕ್ಕ. ಇನ್ನೊಬ್ಬ ಅದರ ಮೇಲೆ ದಡದವರೆಗೂ ನೆಟ್ಟಗೆ ನಿಂತು ಬಂದು, ತನಗೇ ಬೇಕೆಂದ. ಮೂರನೆಯವನು ಚಿಲಕ ಬಡಿದು, ಅಪ್ಪಣೆ ಕೇಳಿ ಹತ್ತಿದ.

ಊರಿಗೆ ಬಂದು ಎಲ್ಲವನ್ನೂ ಹೇಳಿದೆ. ಬಡಗಿ ನಗಲಿಲ್ಲ.

"ಚಿಲಕ ಯಾಕ ಹಚ್ಚೀರಿ ಕಾಕಾ?"

"ಸಮುದ್ರ ಒಳಗ ಬಂತೇನ್ರಿ?"

"ಇಲ್ರಿ."

"ಮತ್ತ?" ಎಂದು ಅವರು ಉಳಿ ಎತ್ತಿಕೊಂಡರು.